ಗುಂಡಿಗೆಯ ಎಡ ಯಾವುದು, ಬಲ ಯಾವುದು

ರಾಯದುರ್ಗದ ಹೈಸ್ಕೂಲಾಗಲಿ, ಮಡಕಶಿರಾದ್ದಾಗಲಿ, ಆಂಧ್ರದ ಗಡಿಯ ಈಚೆಗಿರುವ ಪಾವಗಡ, ಮೊಳಕಾಲ್ಮೂರಿನದ್ದಾಗಲಿ, ಕನ್ನಡದಲ್ಲಿ ಜೀವಶಾಸ್ತ್ರ ಓದುವ ಹತ್ತನೇ ತರಗತಿಯ ಮಕ್ಕಳು ಒಂದು ಚಿತ್ರವನ್ನಂತೂ ಉರು ಹೊಡೆದೇ ಹೊಡೆದಿರುತ್ತಾರೆ. ಅದು ಹೃದಯದ ನೀಳಛೇದ. ನಾಲ್ಕು ಕೋಣೆ, ನಡುವೆ ಒಂದು ಗೋಡೆ, ಮೇಲೆ ಬಾಗಿದ ಮಹಾಪಧಮನಿ, ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ನೀಲಿ. ಚೂಪು ಮಾಡಿದ ಪೆನ್ಸಿಲ್ಲು, ಸ್ಕೇಲಿಟ್ಟು ಎಳೆದ ಗೆರೆ, ಗೆರೆಯ ತುದಿಗೆ ಒಂದೊಂದು ಹೆಸರು. ಚಿತ್ರಕ್ಕೆ ಇಷ್ಟು ಅಂಕ, ಭಾಗ ಗುರುತಿಸಿದ್ದಕ್ಕೆ ಇಷ್ಟು ಅಂಕ.

ಮೊದಲ ಸಲ ಬರೆಯುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಹಾಳೆಯ ಬಲಗಡೆ ಇರುವ ಕೋಣೆಗೆ ‘ಎಡ ಹೃತ್ಕುಕ್ಷಿ’ ಎಂದು ಬರೆಯಬೇಕು. ಯಾಕೆ ಎಂದು ಕೇಳಿದರೆ ಬಹಳ ಕಡೆ ಸಿಗುವ ಉತ್ತರ, ಪುಸ್ತಕದಲ್ಲಿ ಹಾಗೇ ಇದೆ ಎಂಬುದು. ನಿಜವಾದ ಉತ್ತರ ಅದಕ್ಕಿಂತ ಸೊಗಸಾಗಿದೆ. ಅಂಗರಚನಾಶಾಸ್ತ್ರದ ಪ್ರತಿ ಚಿತ್ರದ ಹಿಂದೆಯೂ ಒಬ್ಬ ಮನುಷ್ಯ ನೆಟ್ಟಗೆ ನಿಂತಿದ್ದಾನೆ. ಮುಖ ನಮ್ಮ ಕಡೆಗೆ, ತೋಳು ಇಳಿಬಿಟ್ಟು, ಅಂಗೈ ನಮಗೆ ಕಾಣುವಂತೆ. ಎಡ ಬಲ ಎನ್ನುವುದೆಲ್ಲ ಅವನದು, ನಮ್ಮದಲ್ಲ. ಶವ ಮಲಗಿದ್ದರೂ ರೋಗಿ ಬೋರಲು ಬಿದ್ದಿದ್ದರೂ ಲೆಕ್ಕ ಇದೇ. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿಯುವ ವೈದ್ಯರೂ ರೋಗಿ ಎದುರಿಗೆ ನಿಂತಂತೆಯೇ ಓದುತ್ತಾರೆ. ಈ ಒಪ್ಪಂದ ಇಲ್ಲದಿದ್ದರೆ ಬಲಗಡೆಯ ಮೂತ್ರಪಿಂಡ ತೆಗೆಯಬೇಕಾದವರು ಎಡಗಡೆಗೆ ಕತ್ತಿ ಹಾಕಿಯಾರು.

ಹೃದಯದ ಆ ಚಿತ್ರದಲ್ಲಿ ಇಂಥ ಒಪ್ಪಂದಗಳು ಇನ್ನೂ ಇವೆ. ನಡುವಿನ ಗೋಡೆ ಅದರಲ್ಲಿ ಸೆಟೆದು ನಿಂತಿರುತ್ತದೆ, ದೇಹದೊಳಗೆ ಹಾಗಿಲ್ಲ. ಹೃದಯ ಎಡಕ್ಕೆ ವಾಲಿ, ಸ್ವಲ್ಪ ಮಗ್ಗುಲಾಗಿ ಕೂತಿದೆ. ಎದೆ ಬಿಚ್ಚಿ ನೋಡಿದರೆ ಎದುರಿಗೆ ಕಾಣುವುದರಲ್ಲಿ ಬಹುಪಾಲು ಬಲ ಹೃತ್ಕುಕ್ಷಿ. ಎಡ ಹೃತ್ಕರ್ಣವಂತೂ ಬೆನ್ನಿನ ಕಡೆಗೆ, ಅನ್ನನಾಳಕ್ಕೆ ತಾಗಿಕೊಂಡಿರುತ್ತದೆ. ಬಣ್ಣದ ಕಥೆಯೂ ಹೀಗೇ. ನೀಲಿ ರಕ್ತ ಯಾರ ಮೈಯಲ್ಲೂ ಇಲ್ಲ. ಆಮ್ಲಜನಕ ಕಡಿಮೆಯಾದ ರಕ್ತ ಕಡುಗೆಂಪು ಅಷ್ಟೇ. ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ, ದುಗ್ಧರಸದ ನಾಳಕ್ಕೆ ಹಸಿರು ಎಂದು ಗೊತ್ತುಮಾಡಿಕೊಂಡದ್ದು ಪುಸ್ತಕ ಮಾಡುವವರು. ಪುಪ್ಪುಸಕ ಅಪಧಮನಿಗೆ ಬಂದಾಗ ಈ ಒಪ್ಪಂದ ತನ್ನನ್ನೇ ಮುರಿದುಕೊಳ್ಳುತ್ತದೆ. ಹೆಸರಿಗೆ ಅಪಧಮನಿ, ಬಣ್ಣ ನೀಲಿ. ಪರೀಕ್ಷೆಯ ಒಂದಂಕದ ಪ್ರಶ್ನೆಗಳು ಹುಟ್ಟುವುದೇ ಇಂಥ ಸಂದಿಗಳಲ್ಲಿ.

ಅಂದರೆ ನಾವು ಅಷ್ಟು ನಿಷ್ಠೆಯಿಂದ ಬರೆಯುವ ಆ ಚಿತ್ರವನ್ನು ಯಾರೂ ಯಾವ ದೇಹದಲ್ಲೂ ಕಂಡಿಲ್ಲ. ಹಾಗೆಂದು ಅದು ಸುಳ್ಳಲ್ಲ. ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಹೇಳಲು ಉಳಿದದ್ದನ್ನೆಲ್ಲ ಬಿಟ್ಟುಕೊಟ್ಟ ಚಿತ್ರ ಅದು. ವೈದ್ಯಕೀಯ ಚಿತ್ರಕಲೆ ಕಲಿಯಬೇಕೆನ್ನುವವರಿಗೆ ಕೈ ಪಳಗಿಸುವ ಕೆಲಸ ಇದ್ದೇ ಇದೆ. ಆದರೆ ಅದಕ್ಕಿಂತ ಮೊದಲು ಬರಬೇಕಾದದ್ದು ಈ ಗುಮಾನಿ: ಈ ಚಿತ್ರ ಏನನ್ನು ಬಿಟ್ಟಿದೆ, ಯಾರಿಗಾಗಿ ಬಿಟ್ಟಿದೆ?

ಗುಮಾನಿ ತೀರಿಸಿಕೊಳ್ಳಲು ವೈದ್ಯಕೀಯ ಕಾಲೇಜಿನ ಶವಾಗಾರವೇ ಬೇಕೆಂದಿಲ್ಲ. ರಾಯದುರ್ಗ, ಮಡಕಶಿರಾಗಳಿರುವ ಅನಂತಪುರದ್ದು ಕುರಿ ಮೇಕೆಗಳ ಸೀಮೆ. ಮಟನ್ ಅಂಗಡಿಯವರಿಗೆ ಮೊದಲೇ ಒಂದು ಮಾತು ಹೇಳಿಡಬೇಕು, ಗುಂಡಿಗೆ ಸೀಳಬೇಡಿ, ಮೇಲಿನ ಕೊಳವೆಗಳನ್ನು ಬುಡಕ್ಕೇ ಕತ್ತರಿಸಬೇಡಿ ಎಂದು. ಇಲ್ಲದಿದ್ದರೆ ಹೆಪ್ಪುಗಟ್ಟಿದ ರಕ್ತ ತೊಳೆಯಲೆಂದು ಅವರು ಸೀಳಿಯೇ ಕೊಡುತ್ತಾರೆ, ತಿನ್ನುವವರಿಗೆ ಅದೇ ಅನುಕೂಲ.

ಮೇಕೆಯ ಗುಂಡಿಗೆಯನ್ನು ತಟ್ಟೆಯಲ್ಲಿಟ್ಟರೆ ಮೊದಲು ಕಾಣುವುದು ಪಠ್ಯಪುಸ್ತಕದ ಚಿತ್ರದಲ್ಲಿ ಇಲ್ಲವೇ ಇಲ್ಲದ ವಸ್ತು, ಕೊಬ್ಬು. ಮೇಲ್ಭಾಗವನ್ನೆಲ್ಲ ಸುತ್ತಿಕೊಂಡ ಬಿಳಿಯ ಗಟ್ಟಿ ಕೊಬ್ಬು ಮುಂಭಾಗದಲ್ಲಿ ಒಂದು ಓರೆಯಾದ ಕಾಲುವೆಯಾಗಿ ಕೆಳಗಿಳಿಯುತ್ತದೆ. ಅದರೊಳಗೆ ಹೃದಯಕ್ಕೇ ರಕ್ತ ಒದಗಿಸುವ ನಾಳ ಹುದುಗಿದೆ. ಆ ಕಾಲುವೆಯ ಎರಡೂ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಒಂದು ಬದಿ ಒಳಕ್ಕೆ ತಗ್ಗುತ್ತದೆ, ಇನ್ನೊಂದು ಬಗ್ಗುವುದಿಲ್ಲ. ಬಗ್ಗದಿರುವುದೇ ಎಡ. ಗುಂಡಿಗೆಯ ಚೂಪು ತುದಿಯೂ ಎಡ ಕೋಣೆಗೆ ಸೇರಿದ್ದು. ಮೇಲಿನ ಕೊಳವೆಗಳಲ್ಲಿ ಕತ್ತರಿಸಿದ ಮೇಲೂ ಬಾಯಿ ತೆರೆದುಕೊಂಡೇ ದುಂಡಗೆ ನಿಂತವು ಅಪಧಮನಿಗಳು, ಸೊರಗಿ ಮುದುಡಿಕೊಂಡವು ಅಭಿಧಮನಿಗಳು. ಇಷ್ಟು ಹೊತ್ತಿಗೆ ಬೆರಳಿಗೆ ಗೊತ್ತಾದದ್ದು ಕಣ್ಣಿಗೆ ಇನ್ನೂ ಗೊತ್ತಾಗಿರುವುದಿಲ್ಲ.

ಈಗ ಉದ್ದಕ್ಕೆ ಸೀಳುವ ಆಸೆಯನ್ನು ತಡೆದುಕೊಳ್ಳಬೇಕು. ಕೆಳತುದಿಯಿಂದ ಮೂರನೇ ಒಂದು ಭಾಗದಷ್ಟು ಮೇಲೆ, ಚೂಪಾದ ಚಾಕುವಿನಿಂದ ಒಂದೇ ಏಟಿಗೆ ಅಡ್ಡಲಾಗಿ ಕತ್ತರಿಸಿದರೆ, ನಾಲ್ಕು ಕೋಣೆಯ ಮನೆಯ ನಕ್ಷೆ ತಲೆಯಿಂದ ಒಮ್ಮೆಗೇ ಕಳಚಿಬೀಳುತ್ತದೆ. ಎಡ ಹೃತ್ಕುಕ್ಷಿ ದಪ್ಪ ಗೋಡೆಯ ದುಂಡನೆಯ ಕೊಳವೆ. ಬಲ ಹೃತ್ಕುಕ್ಷಿ ಬಿದಿಗೆಯ ಚಂದ್ರನ ಆಕಾರದ ಒಂದು ಸಂದು, ಗಟ್ಟಿಯಾದ ಎಡ ಕೋಣೆಯ ಪಕ್ಕೆಗೆ ಕಟ್ಟಿದ ಜೋಳಿಗೆಯ ಹಾಗೆ. ಎಡದ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಬಲದ್ದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು, ಎಡದ್ದು ಇಡೀ ಮೈಗೆ ತಳ್ಳಬೇಕು. ನಡುವಿನ ಗೋಡೆ ಎರಡು ಕೋಣೆಗಳಿಗೂ ಸಮಪಾಲಿನದಲ್ಲ, ಎಡದ ದುಂಡಿನ ಭಾಗವಾಗಿ ಬಲದೊಳಕ್ಕೆ ಉಬ್ಬಿದೆ. ನನ್ನನ್ನು ಕೇಳಿದರೆ ಮಕ್ಕಳಿಂದ ಮೊದಲು ಬರೆಸಬೇಕಾದ ಹೃದಯದ ಚಿತ್ರ ಈ ಅಡ್ಡಕೊಯ್ತದ್ದೇ. ಬರೆಯಲು ಸುಲಭ, ಹೇಳುವುದು ಹೆಚ್ಚು.

ಮೇಲಿನ ತುಂಡಿನೊಳಕ್ಕೆ ಇಣುಕಿದರೆ ಬಿಳಿಯ ದಾರಗಳು ಕಾಣುತ್ತವೆ. ಗೋಡೆಯಿಂದ ಎದ್ದ ಸ್ನಾಯುವಿನ ಕಂಬಗಳಿಂದ ಕವಾಟದ ಅಂಚಿಗೆ ಬಿಗಿದ ಹುರಿಗಳು ಅವು. ಒಂದನ್ನು ಚಿಮಟದಲ್ಲಿ ಹಿಡಿದು ಎಳೆಯಿರಿ, ಕಿತ್ತುಬರುವುದಿಲ್ಲ. ಬಾಗಿಲನ್ನು ಮುಚ್ಚುವುದು ಒತ್ತಡದ ರಕ್ತ. ಮುಚ್ಚಿದ ಬಾಗಿಲು ಹಿಂದಕ್ಕೆ ಮಗುಚಿಕೊಳ್ಳದಂತೆ ತಡೆಯುವುದಷ್ಟೇ ಈ ಹುರಿಗಳ ಕೆಲಸ. ಪಠ್ಯಪುಸ್ತಕದ ಚಿತ್ರದಲ್ಲಿ ಇವು ನಾಲ್ಕು ಗೆರೆಗಳಾಗಿ ಮುಗಿದುಹೋಗುತ್ತವೆ. ನಾಲ್ಕೇ ಗೆರೆ ಎಳೆದರೂ ಅವು ಕಂಬದಿಂದ ಹೊರಟು ಅಂಚಿಗೇ ಮುಟ್ಟಬೇಕು. ಗಾಳಿಯಲ್ಲಿ ತೇಲುವ ಗೆರೆ ಕಂಡರೆ, ಬರೆದವರು ಗುಂಡಿಗೆ ನೋಡಿಲ್ಲ ಎಂದೇ ಅರ್ಥ.

ಲಿಯೊನಾರ್ಡೊ ಡ ವಿಂಚಿ ಹೃದಯದ ಬಗ್ಗೆ ಬರೆದ ಚಿತ್ರಗಳಲ್ಲಿ ಹೆಚ್ಚಿನವು ಎತ್ತಿನ ಗುಂಡಿಗೆಯವು. ಬಲ ಹೃತ್ಕುಕ್ಷಿಯಲ್ಲಿ ಗೋಡೆಯಿಂದ ಗೋಡೆಗೆ ಹಾಯ್ದ ಸ್ನಾಯುವಿನ ಪಟ್ಟಿಯೊಂದನ್ನು ಅವನು ಗುರುತಿಸಿದ್ದ. ಮಹಾಪಧಮನಿಯ ಬುಡದ ಗಾಜಿನ ಮಾದರಿ ಮಾಡಿ, ನೀರಿನಲ್ಲಿ ಹುಲ್ಲಿನ ಬೀಜ ಹರಿಯಬಿಟ್ಟು, ಕವಾಟದ ಹಿಂದೆ ಸುಳಿ ಏಳುವುದನ್ನು ನೋಡುವ ಯೋಚನೆಯೂ ಅವನದೇ. ಪ್ರಾಣಿಯಿಂದ ಮನುಷ್ಯನಿಗೆ ಹಾಯುವಾಗ ಮಾತ್ರ ಕಾಲು ಜಾರುವುದು ಸುಲಭ. ಮನುಷ್ಯನ ಮಹಾಪಧಮನಿಯ ಕಮಾನಿನಿಂದ ಸಾಮಾನ್ಯವಾಗಿ ಮೂರು ಕವಲು ಹೊರಡುತ್ತವೆ. ಮೇಕೆಯಲ್ಲಿ ಹೊರಡುವುದು ಒಂದೇ ದಪ್ಪ ಬೊಡ್ಡೆ, ತಲೆಗೂ ಮುಂಗಾಲಿಗೂ ಹೋಗುವ ನಾಳಗಳೆಲ್ಲ ಅದರಿಂದಲೇ ಕವಲೊಡೆಯುತ್ತವೆ. ಎರಡನೇ ಶತಮಾನದ ವೈದ್ಯ ಗ್ಯಾಲೆನ್ ಕೋತಿ, ಹಂದಿ, ದನಗಳನ್ನು ಕೊಯ್ದು ನೋಡಿ ಮನುಷ್ಯನ ಬಗ್ಗೆ ಬರೆದ. ಗೊರಸಿನ ಪ್ರಾಣಿಗಳ ಮೆದುಳಿನ ಬುಡದಲ್ಲಿರುವ ರಕ್ತನಾಳಗಳ ಬಲೆಯೊಂದು ಮನುಷ್ಯನಲ್ಲೂ ಇದೆಯೆಂದು ಸಾವಿರಕ್ಕೂ ಹೆಚ್ಚು ವರ್ಷ ಯುರೋಪು ನಂಬಿತು. ಅಂಗರಚನಾ ತಜ್ಞ ವೆಸಾಲಿಯಸ್ ಕೂಡ 1538ರಲ್ಲಿ ಅಚ್ಚು ಹಾಕಿಸಿದ ಹಾಳೆಗಳಲ್ಲಿ ಆ ಬಲೆಯನ್ನು ಬರೆಸಿದ್ದ. ಐದು ವರ್ಷದ ನಂತರ, 1543ರ ತನ್ನ ಮಹಾಗ್ರಂಥದಲ್ಲಿ, ಮನುಷ್ಯನಲ್ಲಿ ಅದು ಇಲ್ಲವೆಂದು ಬರೆದ. ನಮ್ಮ ಸುಶ್ರುತ ಸಂಹಿತೆಯಲ್ಲಿ ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಹಾಕಿ, ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡುವ ಕ್ರಮ ಇದೆ. ಕ್ರಮ ಉಳಿಯಿತು, ನೋಡಿದವರು ಬರೆದ ಚಿತ್ರ ಉಳಿದಿಲ್ಲ.

ಮೇಕೆಯ ಗುಂಡಿಗೆ ನಮ್ಮ ತಟ್ಟೆಗೆ ಬಂದರೆ, ಅದರ ಚರ್ಮ ಇದೇ ಸೀಮೆಯಲ್ಲಿ ಬೇರೊಂದು ಬಗೆಯ ಮೈಕಟ್ಟಿನ ಪಾಠಕ್ಕೆ ಹೋಗುತ್ತದೆ. ಧರ್ಮವರಂ ಹತ್ತಿರದ ನಿಮ್ಮಲಕುಂಟ ತೊಗಲುಗೊಂಬೆಯವರ ಊರು. ತೆಲುಗಿನಲ್ಲಿ ತೋಲುಬೊಮ್ಮಲಾಟ. ಈ ಊರಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬಿಗಿದು ಒಣಗಿಸಿ, ಬೆಳಕು ಹಾಯುವಷ್ಟು ತೆಳುವಾದ ಮೇಲೆ ಗೆರೆ ಹಾಕಿ, ಉಳಿಯಿಂದ ತೂತು ಹೊಡೆದು, ಬಣ್ಣ ತುಂಬುತ್ತಾರೆ. ಆಳೆತ್ತರದ ಗೊಂಬೆಗಳೂ ಇವೆ.

ಅಂಗರಚನೆ ಕಲಿಯುವವರು ಅಲ್ಲಿ ನೋಡಬೇಕಾದದ್ದು ಬಣ್ಣವನ್ನಲ್ಲ, ಕೀಲುಗಳನ್ನು. ತೋಳು, ಮುಂಗೈ, ಕಾಲುಗಳನ್ನು ಬೇರೆ ಬೇರೆ ತುಂಡಾಗಿ ಕತ್ತರಿಸಿ, ಒಂದರ ಮೇಲೊಂದು ಇಟ್ಟು, ದಾರದ ಗಂಟಿನಿಂದ ಕೂಡಿಸುತ್ತಾರೆ. ಕುಣಿಯುವ ಪಾತ್ರಕ್ಕೆ ಕೀಲು ಹೆಚ್ಚು. ಗಂಟು ಎಲ್ಲಿ ಬೀಳಬೇಕು ಎನ್ನುವುದೇ ಇಲ್ಲಿ ಪ್ರಶ್ನೆ. ಗಂಟು ಮೊಣಕೈಯ ತುದಿಗೆ ಬಿದ್ದರೆ ಕೈ ಮಡಿಸಿದಾಗ ಮುಂಗೈ ತೋಳಿನಿಂದ ಕಿತ್ತುಕೊಂಡ ಹಾಗೆ ಕಾಣುತ್ತದೆ. ಸರಿಯಾದ ಜಾಗ ತುದಿಯಿಂದ ಸ್ವಲ್ಪ ಒಳಗೆ, ಎರಡು ತುಂಡುಗಳೂ ತಿರುಗುವ ಅಕ್ಷದ ಮೇಲೆ. ನಮ್ಮ ಮೈಯಲ್ಲೂ ಅಷ್ಟೇ. ಮೊಣಕೈಯಲ್ಲಿ ನಾವು ಮುಟ್ಟಿ ನೋಡುವ ಮೂಳೆಯ ಮೊನೆ ಮುಂಗೈ ತಿರುಗುವ ಬಿಂದುವಲ್ಲ. ತಿರುಗುವ ಅಕ್ಷ ತೋಳಿನ ಮೂಳೆಯ ಕೆಳತುದಿಯ ಎರಡು ಉಬ್ಬುಗಳ ನಡುವೆ ಅಡ್ಡಲಾಗಿ ಹಾಯ್ದಿದೆ. ಮನುಷ್ಯಾಕೃತಿ ಬರೆಯಲು ಹೊಸದಾಗಿ ಕಲಿಯುವವರ ಕೈಕಾಲುಗಳು ರಬ್ಬರಿನಂತೆ ಕಾಣುವುದು ಈ ಅಕ್ಷ ಗೊತ್ತಿಲ್ಲದ್ದರಿಂದ. ಗೊಂಬೆಯ ಮುಖ ಬಹುಮಟ್ಟಿಗೆ ಪಕ್ಕನೋಟ, ಕಣ್ಣು ಮಾತ್ರ ಎದುರಿನಿಂದ ಕಂಡಷ್ಟು ಅಗಲ. ಮಡಕಶಿರಾಕ್ಕೆ ಹತ್ತಿರದ ಲೇಪಾಕ್ಷಿಯ ವೀರಭದ್ರ ದೇವಾಲಯದ ಸೂರಿನಲ್ಲಿ ಬರೆದ 16ನೇ ಶತಮಾನದ ವಿಜಯನಗರದ ಚಿತ್ರಗಾರರೂ ಇದೇ ಜಾಡಿನವರು. ಯಾವ ಅಂಗ ಯಾವ ಕಡೆಯಿಂದ ಚೆನ್ನಾಗಿ ಗೊತ್ತಾಗುತ್ತದೋ ಆ ಕಡೆಯಿಂದ ಅದನ್ನು ತೋರಿಸು ಎಂಬ ನಿಯಮ ಇದು. ಹೃದಯದ ನೀಳಛೇದ ಬರೆದವರೂ ಪಾಲಿಸಿದ್ದು ಅದನ್ನೇ.

ಚಿತ್ರಕಾರನೂ ಶವ ಕೊಯ್ಯುವವನೂ ಒಬ್ಬನೇ ಆದರೆ ಏನಾಗುತ್ತದೆ ಎಂಬುದಕ್ಕೆ ಹೆನ್ರಿ ವ್ಯಾನ್‌ಡೈಕ್ ಕಾರ್ಟರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವನ ಕಥೆ ಲಂಡನ್ನಿನಲ್ಲಿ ಶುರುವಾಗಿ ದಖನ್ನಿನ ರೈತರ ಪಾದಕ್ಕೆ ಬಂದು ಮುಟ್ಟುತ್ತದೆ. ಕಾರ್ಟರ್ 1831ರಲ್ಲಿ ಹುಟ್ಟಿದ. ಅಪ್ಪ ಚಿತ್ರಕಾರ, ಮಗ ವೈದ್ಯನಾದ. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಹೆನ್ರಿ ಗ್ರೇ ಎಂಬ ಸರ್ಜನ್ ವಿದ್ಯಾರ್ಥಿಗಳಿಗಾಗಿ ಒಂದು ಪುಸ್ತಕ ಬರೆಯಲು ಹೊರಟು ಇವನನ್ನು ಜೊತೆಗೆ ಕರೆದುಕೊಂಡ. ಇಬ್ಬರೂ ಸೇರಿ ಸುಮಾರು ಒಂದೂವರೆ ವರ್ಷ ಶವಗಳನ್ನು ಕೊಯ್ದರು. ಆ ಶವಗಳು ಯಾರೂ ಹಕ್ಕು ಕೇಳಲು ಬಾರದ ಬಡವರವು. 1832ರ ಕಾಯ್ದೆ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಪುಸ್ತಕದ ಯಾವ ಪುಟದಲ್ಲೂ ಅವರ ಹೆಸರಿಲ್ಲ. ಅಂಗರಚನೆಯ ಚಿತ್ರ ಬಿಟ್ಟುಬಿಡುವ ಸಂಗತಿಗಳಲ್ಲಿ ಇದು ಅತಿ ಹಳೆಯದು. ವಿಯೆನ್ನಾದ ಅಂಗರಚನಾ ತಜ್ಞ ಪೆರ್ನ್‌ಕಾಫ್‌ನ ಅಟ್ಲಾಸಿನ ಚಿತ್ರಗಳ ಹಿಂದೆ ನಾಜಿಗಳು ಕೊಲ್ಲಿಸಿದವರ ದೇಹಗಳಿದ್ದವು ಎಂಬುದು ತನಿಖೆಯಾಗಿ ಹೊರಬಂದದ್ದು 1990ರ ದಶಕದ ಕೊನೆಗೆ. ಅಲ್ಲಿಯವರೆಗೆ ಜಗತ್ತಿನ ಸರ್ಜನ್ನರು ಅದರ ಅಂದವನ್ನು ಹೊಗಳುತ್ತಿದ್ದರು.

1858ರಲ್ಲಿ ‘ಗ್ರೇಸ್ ಅನಾಟಮಿ’ ಹೊರಬಂತು. ಅದರಲ್ಲಿ 363 ಚಿತ್ರ. ಕಾರ್ಟರ್ ಮಾಡಿದ ಒಂದು ತೀರ್ಮಾನ ಇವತ್ತಿಗೂ ನಮ್ಮ ಕೈಯಲ್ಲಿದೆ. ಅಲ್ಲಿಯವರೆಗೆ ಅನೇಕ ಪುಸ್ತಕಗಳಲ್ಲಿ ಚಿತ್ರದ ಮೇಲೆ ಸಣ್ಣ ಅಕ್ಷರಗಳೋ ಅಂಕೆಗಳೋ ಇರುತ್ತಿದ್ದವು, ಅವುಗಳ ಅರ್ಥ ಎಲ್ಲೋ ಕೆಳಗೆ. ಓದುವವನ ಕಣ್ಣು ಚಿತ್ರಕ್ಕೂ ಪಟ್ಟಿಗೂ ಓಡಾಡಬೇಕಿತ್ತು. ಕಾರ್ಟರ್ ಹೆಸರನ್ನು ಅಂಗದ ಮೇಲೆಯೇ ಬರೆದ. ಸ್ನಾಯುವಿನ ಹೆಸರು ಸ್ನಾಯುವಿನ ಉದ್ದಕ್ಕೆ, ನಾಳದ ಹೆಸರು ನಾಳದ ಬಾಗಿಗೆ ತಕ್ಕಂತೆ. ಭೂಪಟದಲ್ಲಿ ನದಿಯ ಹೆಸರನ್ನು ಹರಿವಿನ ಜೊತೆಗೇ ಬರೆಯುತ್ತಾರಲ್ಲ, ಆ ಕ್ರಮ. ಶಾಯಿಯ ಶೋಕಿ ಇಲ್ಲ, ಶವದ ಮುಖದಲ್ಲಿ ನಾಟಕವಿಲ್ಲ, ಹಿನ್ನೆಲೆಯಲ್ಲಿ ಗುಡ್ಡ ಬೆಟ್ಟಗಳಿಲ್ಲ.

ಕೂಲಿ ಎಷ್ಟು ಸಿಕ್ಕಿತು ಎಂಬುದನ್ನೂ ಹೇಳಬೇಕು. ಕಾರ್ಟರ್‌ಗೆ ಒಂದೇ ಗಂಟು 150 ಪೌಂಡ್. ಗ್ರೇಗೆ ಮಾರಾಟವಾದ ಪ್ರತಿ ಸಾವಿರ ಪ್ರತಿಗೂ 150 ಪೌಂಡ್. ಮುಖಪುಟದ ಕರಡಚ್ಚು ಬಂದಾಗ ಕಾರ್ಟರ್‌ನ ಹೆಸರನ್ನು ಇನ್ನೂ ಸಣ್ಣ ಅಕ್ಷರದಲ್ಲಿ ಹಾಕಿ ಎಂದು ಗ್ರೇ ತಿದ್ದಿದ. ಪುಸ್ತಕ ಅಂಗಡಿಗೆ ಬರುವಷ್ಟರಲ್ಲಿ ಕಾರ್ಟರ್ ಹಡಗು ಹತ್ತಿ ಬೊಂಬಾಯಿಗೆ ಬಂದಿದ್ದ. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸಿದ, ಸಾತಾರಾದಲ್ಲಿ ಸಿವಿಲ್ ಸರ್ಜನ್ ಆಗಿದ್ದ, 1888ರವರೆಗೂ ಈ ದೇಶದಲ್ಲೇ ದುಡಿದ.

ಇಲ್ಲಿ ಅವನ ಪೆನ್ಸಿಲ್ಲಿಗೆ ಸಿಕ್ಕಿದ್ದು ಬೇರೆಯೇ ವಸ್ತು. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವರ ಪಾದ ನೋವಿಲ್ಲದೆ ಊದಿಕೊಳ್ಳುತ್ತದೆ, ಗಂಟುಗಂಟಾಗುತ್ತದೆ, ಆಮೇಲೆ ಸಣ್ಣ ತೂತುಗಳಾಗಿ ಕೀವಿನ ಜೊತೆ ಕಾಳಿನಂಥವು ಹೊರಬೀಳುತ್ತವೆ. ವರ್ಷಗಟ್ಟಲೆ ಎಳೆದು ಮೂಳೆಯನ್ನೂ ತಿನ್ನುತ್ತದೆ. ಮಧುರೆಯ ಕಡೆ ಕಂಡುಬಂದದ್ದರಿಂದ ಇಂಗ್ಲಿಷರು ಅದನ್ನು ಮಧುರಾ ಪಾದ ಎನ್ನುತ್ತಿದ್ದರು. ಇದು ಶಿಲೀಂಧ್ರದ ಕೆಲಸ ಎಂದು ಸೂಕ್ಷ್ಮದರ್ಶಕ ಹಿಡಿದು ವಾದಿಸಿ ಮೈಸಿಟೋಮಾ ಎಂಬ ಹೆಸರು ಕೊಟ್ಟವನು ಕಾರ್ಟರ್. 1874ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ತಂದ, ತಾನೇ ಬರೆದ ಬಣ್ಣದ ಚಿತ್ರಗಳ ಸಮೇತ. ಮಳೆ ಕಡಿಮೆ, ಮುಳ್ಳು ಹೆಚ್ಚು, ಕಾಲಿಗೆ ಮೆಟ್ಟಿಲ್ಲ: ಈ ರೋಗಕ್ಕೆ ಬೇಕಾದದ್ದು ಇಷ್ಟೇ. ಜಾಲಿ ಮುಳ್ಳು ಚುಚ್ಚಿದ ಗಾಯದಿಂದ ಮಣ್ಣಿನ ಜೀವಿ ಒಳಸೇರುತ್ತದೆ. ರಾಯದುರ್ಗದ ಸೀಮೆಯವರಿಗೆ ಈ ಮೂರನ್ನೂ ವಿವರಿಸಿ ಹೇಳಬೇಕಾಗಿಲ್ಲ. ಅಂದಹಾಗೆ ಆ ಪುಸ್ತಕ ಬಂದಾಗ ಅನಂತಪುರ ಜಿಲ್ಲೆ ಹುಟ್ಟಿರಲೇ ಇಲ್ಲ. ಬಳ್ಳಾರಿಯಿಂದ ಅದನ್ನು ಒಡೆದದ್ದು 1882ರಲ್ಲಿ. ರಾಯದುರ್ಗವಂತೂ 1953ರವರೆಗೂ ಬಳ್ಳಾರಿಗೇ ಸೇರಿತ್ತು.

ಕಾರ್ಟರ್‌ನ ಪಾದಗಳಲ್ಲಿ ಬಣ್ಣಕ್ಕೆ ಬಂದ ಬೆಲೆಯನ್ನು ಗಮನಿಸಬೇಕು. ಹೃದಯದ ಚಿತ್ರದ ಕೆಂಪು ನೀಲಿ ಬರಿಯ ಸಂಕೇತ, ಅದಲುಬದಲು ಮಾಡಿದರೂ ಹೃದಯ ಬದಲಾಗದು. ಇಲ್ಲಿ ಹಾಗಲ್ಲ. ಗಾಯದಿಂದ ಬೀಳುವ ಕಾಳುಗಳಲ್ಲಿ ಕಪ್ಪು ಒಂದು ಬಗೆ, ಮಾಸಲು ಬಿಳಿ ಹಳದಿಯದು ಇನ್ನೊಂದು ಬಗೆ ಎಂದು ಕಾರ್ಟರ್ ಬೇರ್ಪಡಿಸಿ ಬರೆದ. ಕಪ್ಪು ಕಾಳು ಶಿಲೀಂಧ್ರದ್ದು. ಬಿಳಿ, ಹಳದಿ ಕಾಳು ಬಹುಪಾಲು ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾದ್ದು ಎಂಬುದು ಆಮೇಲೆ ತಿಳಿಯಿತು. ಬ್ಯಾಕ್ಟೀರಿಯಾದ್ದಾದರೆ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ. ಶಿಲೀಂಧ್ರದ್ದಾದರೆ ತಿಂಗಳುಗಟ್ಟಲೆ ಬೇರೆ ಔಷಧ, ಅನೇಕ ವೇಳೆ ಶಸ್ತ್ರಚಿಕಿತ್ಸೆ. ಕಾಳಿಗೆ ಹಚ್ಚಿದ ಒಂದು ಚುಕ್ಕೆ ಬಣ್ಣ ಚಿಕಿತ್ಸೆಯ ದಾರಿಯನ್ನೇ ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಈ ರೋಗವನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ, ಕಾರ್ಟರ್‌ನ ಪುಸ್ತಕ ಬಂದು 142 ವರ್ಷಕ್ಕೆ.

ಇಂಥ ಚಿತ್ರ ಬರೆಯುವುದನ್ನು ಕಲಿಯುವುದು ಹೇಗೆ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯಲ್ಲಿ 1911ರಲ್ಲಿ ಇದಕ್ಕೆಂದೇ ಒಂದು ವಿಭಾಗ ತೆರೆಯಿತು. ಅದನ್ನು ಕಟ್ಟಿದವನು ಜರ್ಮನಿಯಿಂದ ಹೋದ ಮ್ಯಾಕ್ಸ್ ಬ್ರೋಡೆಲ್. ಪೆನ್ಸಿಲ್ಲಿನ ಇಂಗಾಲದ ಪುಡಿಯನ್ನು ಒಣ ಕುಂಚದಿಂದ ಹಚ್ಚಿ, ಹೊಳಪಿರುವ ಕಡೆ ಕೆರೆದು ತೆಗೆದು, ಹಸಿ ಅಂಗಾಂಶದ ತೇವವನ್ನು ಕಾಗದದ ಮೇಲೆ ತರುವ ವಿಧಾನ ಅವನದು. ಆದರೆ ಶಿಷ್ಯರಿಗೆ ಅವನು ಹಾಕಿದ ಕಟ್ಟಳೆ ಕೈಗೆ ಸಂಬಂಧಿಸಿದ್ದಲ್ಲ. ವಿಷಯ ಪೂರ್ತಿ ಅರ್ಥವಾಗದೆ ಪೆನ್ಸಿಲ್ ಮುಟ್ಟಬಾರದು, ನಕಲು ಚಿತ್ರವಲ್ಲ. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳನ್ನು ನೋಡಿದರೆ ಬ್ರೋಡೆಲ್ ಏನೆನ್ನುತ್ತಿದ್ದನೋ. ಸೂಕ್ಷ್ಮದರ್ಶಕದ ಚಿತ್ರಕ್ಕೆಂದೇ ಗುಲಾಬಿ ಮತ್ತು ನೇರಳೆಯ ‘ಹೆಚ್ ಅಂಡ್ ಇ’ ಪೆನ್ಸಿಲ್ಲುಗಳು ಸಿಗುತ್ತವೆ, ಹಿರಿಯ ವಿದ್ಯಾರ್ಥಿಯ ರೆಕಾರ್ಡೂ ಸಿಗುತ್ತದೆ, ಕಣ್ಣು ಸ್ಲೈಡಿನ ಕಡೆ ಹೋಗದೆ ಚಿತ್ರ ಮುಗಿಯುತ್ತದೆ. ಇನ್ನೊಂದು ಕಡೆ, ಗ್ವಾಲಿಯರ್‌ನ ಬಿ.ಡಿ. ಚೌರಾಸಿಯಾ ಅವರ ಪುಸ್ತಕಗಳ ಸರಳ ರೇಖಾಚಿತ್ರಗಳನ್ನು ನೋಡಿ ಮೂಗು ಮುರಿಯುವವರಿದ್ದಾರೆ. ನಾನು ಅವರ ಪೈಕಿಯಲ್ಲ. ಪರೀಕ್ಷೆಯ ಕೋಣೆಯಲ್ಲಿ ಎರಡೇ ನಿಮಿಷದಲ್ಲಿ ಮತ್ತೆ ಬರೆಯಬಲ್ಲ ಚಿತ್ರ ಬೇಕಾದವರಿಗೆ ಬೇರೆಲ್ಲವನ್ನೂ ಬಿಟ್ಟು ಕೊಟ್ಟ ಚಿತ್ರಗಳು ಅವು.

ಮನೆಯಲ್ಲೇ ಕಲಿಯುವವರು ಮೂಳೆಯಿಂದ ಶುರುಮಾಡುವುದು ವಾಸಿ. ಮೂಳೆ ಕೊಳೆಯುವುದಿಲ್ಲ, ಅಲುಗಾಡುವುದಿಲ್ಲ. ಮೇಕೆಯ ಮೊಣಕಾಲ ಮೂಳೆಯಾದರೂ ಆದೀತು. ಬೆಳಕು ಎಡ ಮೇಲ್ಗಡೆಯಿಂದ ಬೀಳಲಿ, ಈ ಕೆಲಸದಲ್ಲಿ ಅದೇ ರೂಢಿ. ಎಲ್ಲ ಚಿತ್ರಗಳಲ್ಲೂ ಬೆಳಕು ಒಂದೇ ಕಡೆಯಿಂದ ಬಂದರೆ ಉಬ್ಬು ಯಾವುದು, ತಗ್ಗು ಯಾವುದು ಎಂದು ಕಣ್ಣು ತಡಕಾಡುವುದಿಲ್ಲ. ಅಳತೆಯ ಗೆರೆಯನ್ನು ಮೊದಲೇ ಹಾಕಿಡಬೇಕು. ಹೆಸರಿನ ಗೆರೆಗಳು ಒಂದನ್ನೊಂದು ದಾಟಬಾರದು, ಗೆರೆಯ ಕೊನೆ ಅಂಗದ ಅಂಚಿನಲ್ಲಲ್ಲ, ಒಳಗೆ ನಿಲ್ಲಬೇಕು. ಛಾಯೆಯನ್ನು ತಿಕ್ಕಿ ಮಾಡುವುದಕ್ಕಿಂತ ಚುಕ್ಕೆಯಿಂದ ಮಾಡಿದರೆ ಅಗ್ಗದ ಅಚ್ಚಿನಲ್ಲೂ ಉಳಿಯುತ್ತದೆ. ಮೊಬೈಲಿನಲ್ಲಿ ಫೋಟೋ ಇರುವಾಗ ಈ ಪಾಡೇಕೆ ಎನ್ನುವವರು ಶಸ್ತ್ರಚಿಕಿತ್ಸೆಯ ಫೋಟೋ ಒಂದನ್ನು ನೋಡಬೇಕು. ಎಲ್ಲವೂ ಒಂದೇ ಕೆಂಪು. ಕ್ಯಾಮೆರಾಕ್ಕೆ ಯಾವುದನ್ನೂ ಬಿಡುವ ಅಧಿಕಾರವಿಲ್ಲ.

ನೋಡುವ ಮೈ ಯಾರದು ಎಂಬುದೂ ಮುಖ್ಯ. ಪಠ್ಯಪುಸ್ತಕಗಳಲ್ಲಿ ಚರ್ಮರೋಗದ ಚಿತ್ರಗಳು ಬಹುಕಾಲ ಬಿಳಿ ಚರ್ಮದವೇ ಆಗಿದ್ದವು. ಬಿಳಿಯರ ಮೈಮೇಲೆ ಕೆಂಪಗೆ ಏಳುವ ದದ್ದು ಕಪ್ಪು ಮೈಯಲ್ಲಿ ಬೂದಿಯಾಗಿಯೋ ಕಂದಾಗಿಯೋ ಕಾಣಬಹುದು. ಮೈ ನೀಲಿಗಟ್ಟಿದೆಯೇ ಎಂದು ನೋಡಲು ನಮ್ಮವರ ನಾಲಗೆ, ತುಟಿಯ ಒಳಭಾಗ ನೋಡಬೇಕು. ರಕ್ತಹೀನತೆಗೆ ಕೆಳರೆಪ್ಪೆಯ ಒಳಗು ನೋಡಬೇಕು. ನೈಜೀರಿಯಾದ ಚಿಡಿಯೆಬೆರೆ ಇಬೆ ಎಂಬ ವೈದ್ಯಕೀಯ ವಿದ್ಯಾರ್ಥಿ ಕಪ್ಪು ತಾಯಿಯ ಗರ್ಭದಲ್ಲಿ ಕಪ್ಪು ಶಿಶುವನ್ನು ಬರೆದ ಚಿತ್ರ 2021ರ ಕೊನೆಯಲ್ಲಿ ಜಗತ್ತನ್ನೆಲ್ಲ ಸುತ್ತಿತು. ಇಂಥದೊಂದನ್ನು ತಾವು ಹಿಂದೆ ನೋಡಿಯೇ ಇಲ್ಲ ಎಂದು ಎಷ್ಟೋ ಜನರಿಗೆ ಆಗ ಹೊಳೆಯಿತು.

ಅನಂತಪುರದ ಸೀಮೆಯ ಮೈಗೆ ತನ್ನದೇ ಒಂದು ಗುರುತಿದೆ. ಇಲ್ಲಿನ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. 1990ರ ದಶಕದ ನಡುವೆ ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟಿನ ಯೋಜನೆ ಜಿಲ್ಲೆಯ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ನೀರು ಹರಿಸಿದ್ದರ ಹಿಂದೆ ನೀರಿನ ಅಭಾವದ ಜೊತೆ ಈ ಕಾರಣವೂ ಇತ್ತು. ಫ್ಲೋರೈಡ್ ಹೆಚ್ಚಾದರೆ ಹಲ್ಲು ಮೊದಲು ಹೇಳುತ್ತದೆ, ಮೂಳೆ ಆಮೇಲೆ. ಮಂಡಿಗಳು ಒಂದಕ್ಕೊಂದು ಬಡಿಯುವ ಕಾಲು, ಬಿಲ್ಲಿನಂತೆ ಬಾಗಿದ ಕಾಲು, ಬಗ್ಗದ ಬೆನ್ನು.

ಶಾಲೆಯ ಗೋಡೆಗೋ ಆಶಾ ಕಾರ್ಯಕರ್ತೆಯರ ಕೈಪಿಡಿಗೋ ಇಂಥ ಹಲ್ಲಿನ ಚಿತ್ರ ಬರೆಯಬೇಕಾಗಿ ಬಂದರೆ ಮೇಲೆ ಹೇಳಿದ್ದೆಲ್ಲ ಒಟ್ಟಿಗೆ ಕೆಲಸಕ್ಕೆ ಬರುತ್ತದೆ. ಹೊಗೆಸೊಪ್ಪಿನ ಕಲೆಗೂ ಫ್ಲೋರೈಡಿನ ಕಲೆಗೂ ಇರುವ ವ್ಯತ್ಯಾಸ ಚಿತ್ರದಲ್ಲಿ ಕಾಣಲೇಬೇಕು. ಹೊಗೆಸೊಪ್ಪಿನ ಕರೆ ಹಲ್ಲಿನ ಸಂದಿಗೂ ವಸಡಿನ ಅಂಚಿಗೂ ಅಂಟಿಕೊಳ್ಳುತ್ತದೆ, ಉಜ್ಜಿದರೆ ಹೋಗುತ್ತದೆ. ಫ್ಲೋರೈಡಿನದು ಹಲ್ಲಿಗೆ ಅಡ್ಡಲಾಗಿ ಹಾಯ್ದ ಸುಣ್ಣದಂಥ ಗೆರೆಗಳು. ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗ ಎನಾಮಲ್ ಪದರ ಪದರವಾಗಿ ಕೂತದ್ದರ ಜಾಡನ್ನೇ ಅವು ಹಿಡಿದಿರುತ್ತವೆ. ಎಡದ ಹಲ್ಲಿನಲ್ಲಿ ಇದ್ದದ್ದು ಬಲದ ಜೊತೆ ಹಲ್ಲಿನಲ್ಲೂ ಇರುತ್ತದೆ, ಎರಡೂ ಒಂದೇ ಕಾಲದಲ್ಲಿ ರೂಪುಗೊಂಡವು. ಕಂದು ಬಣ್ಣ ಬರುವುದು ಹಲ್ಲು ಹುಟ್ಟಿ ಹೊರಬಂದ ಮೇಲೆ. ಹಾಗಾಗಿ ಒಂದೇ ಹಲ್ಲಿನ ಚಿತ್ರ ಇಲ್ಲಿ ಸಾಲದು, ಮೇಲಿನ ಮುಂಹಲ್ಲುಗಳ ಸಾಲು ಎಡಬಲ ಎರಡೂ ಇರಬೇಕು, ಎಡ ಬಲ ಹಲ್ಲಿನ ಯಜಮಾನನವು. ಬಿಳಿ ಹಾಳೆಯ ಮೇಲೆ ಬಿಳಿ ಹಲ್ಲಿನ ಬಿಳಿ ಗೆರೆ ಕಾಣುವುದಿಲ್ಲವಾದ್ದರಿಂದ ಬೂದು ಬಣ್ಣದ ಕಾಗದ ಹಿಡಿದು, ಹಲ್ಲಿನ ಆಕಾರವನ್ನು ತೆಳು ಬಣ್ಣದಲ್ಲಿ ಕೂರಿಸಿ, ಗೆರೆಗಳನ್ನು ಬಿಳಿ ಪೆನ್ಸಿಲ್ಲಿನಿಂದ ಕೊನೆಗೆ ಎಳೆಯುವುದು ಒಳ್ಳೆಯದು. ಎಳೆಯುವ ಮೊದಲು ಮಗುವನ್ನು ಬಾಗಿಲ ಬೆಳಕಿಗೆ ಕರೆದು, ಹತ್ತಿಯಿಂದ ಹಲ್ಲನ್ನು ಒರೆಸಿ ಒಣಗಿಸಿ ನೋಡಬೇಕು. ಎಂಜಲಿನ ಪಸೆ ಇದ್ದಾಗ ಈ ಗೆರೆಗಳಲ್ಲಿ ಅರ್ಧ ಕಣ್ಣಿಗೆ ಬೀಳುವುದೇ ಇಲ್ಲ.